ಕಾಯುವುದಕ್ಕೂ ಕ್ಷಾಂತಿಗೂ ಇರುವ ದೂರ

*ಇಂದಿನ ಧಮ್ಮ ಚಿಂತನೆ – ಭಾನುವಾರ*



ಇವತ್ತಿನ ಬರಹ ದಿನದ ಲೆಕ್ಕಕ್ಕಿಂತ ಉದ್ದವಾಗಿದೆ. ಭಾನುವಾರ ಅಲ್ಲವೇ, ಕಾಫಿ ಕುಡಿಯುತ್ತಾ ನಿಧಾನವಾಗಿ ಓದಿ.

ಹೋದ ವಾರ ವಿಹಾರದಲ್ಲಿ ಹತ್ತು ಪಾರಮಿತಗಳ ಬಗ್ಗೆ ಮಾತಾಡುತ್ತಿದ್ದೆವು. ಕ್ಷಾಂತಿಯ ಸರದಿ ಬಂದಾಗ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಅಕ್ಕಾ, ಕ್ಷಾಂತಿ ಅಂದ್ರೆ ಎಲ್ಲಾ ಸಹಿಸ್ಕೊಂಡು ಸುಮ್ನಿರೋದು ಅಂತಾದ್ರೆ ನಮ್ ತಾತ ಮುತ್ತಾತ ಎಲ್ರೂ ದೊಡ್ಡ ಕ್ಷಾಂತಿವಂತ್ರೇ ಅಲ್ವಾ? ಅವ್ರಿಗೇನು ಸಿಕ್ತು?"

ಎಲ್ಲರೂ ನಕ್ಕರು. ನಾನು ಪುಸ್ತಕದ ಉತ್ತರ ಹೇಳಿ ಕೂರಿಸಿದೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಜೊತೆಯೇ ಬಂತು. ಯಾಕೆಂದರೆ ಹೋದ ವರ್ಷ ಹನ್ನೊಂದು ವಾರ ನಾನು ಇದೇ ಪ್ರಶ್ನೆಯೊಳಗೆ ಸಿಕ್ಕಿಕೊಂಡಿದ್ದೆ. ಅದು ಧ್ಯಾನಕ್ಕೆ ಸಂಬಂಧಿಸಿದ್ದಲ್ಲ, ದೀಕ್ಷೆಗೆ ಸಂಬಂಧಿಸಿದ್ದಲ್ಲ. ಮನೆ ಸಾಲವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸುವ ಕೆಲಸ. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ನಮ್ಮ ಬಳಗದಲ್ಲಿ ಸೈಟು, ಮನೆ, ಸಾಲ ಎಂದು ಓಡಾಡುತ್ತಿರುವವರು ಬಹಳ ಜನ ಇದ್ದೀರಿ. ನಿಮಗೆ ಬೇರೆ ರೀತಿಯಲ್ಲೂ ಉಪಯೋಗಕ್ಕೆ ಬರಬಹುದು.

*ದಿನಕ್ಕೆ 88 ರೂಪಾಯಿ*

ನಾವು ಮನೆ ಕೊಂಡಾಗ ಸಾಲ ಕೊಟ್ಟಿದ್ದು ಒಂದು ಗೃಹಸಾಲದ ಕಂಪನಿ. ಬ್ಯಾಂಕಿನವರು ಆ ಪತ್ರ ಈ ಪತ್ರ ಎಂದು ಅಲೆಸುತ್ತಿದ್ದಾಗ ಈ ಕಂಪನಿಯವರು ಎಂಟೇ ದಿನದಲ್ಲಿ ಚೆಕ್ ಕೊಟ್ಟಿದ್ದರು. ಆಗ ಅವರೇ ದೇವರಂತೆ ಕಂಡರು (ದೇವರನ್ನು ನಂಬದವರೂ ಕೆಲವು ಸಲ ಹೀಗೆ ಜಾರುತ್ತೇವೆ). ವರ್ಷಗಳು ಕಳೆದಂತೆ ಬಡ್ಡಿ ಏರಿ ಏರಿ ಶೇ. 10.75ಕ್ಕೆ ಬಂದು ನಿಂತಿತು. ಸಾಲ ಇನ್ನೂ 16 ಲಕ್ಷ ಉಳಿದಿತ್ತು. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಒಂದು ದಿನ ಸ್ಟಾಫ್ ರೂಮಿನಲ್ಲಿ ಹೇಳಿದರು: "ಮೇಡಂ, ಸಂಬಳ ಬರೋ ಬ್ಯಾಂಕಿಗೇ ಲೋನ್ ಟ್ರಾನ್ಸ್‌ಫರ್ ಮಾಡಿಸ್ಕೊಳ್ಳಿ. ಶೇಕಡಾ 8.75ಕ್ಕೆ ಕೊಡ್ತಾರೆ."

ಲೆಕ್ಕ ಹಾಕಿದೆ. ಶೇ. 2ರ ವ್ಯತ್ಯಾಸ. 16 ಲಕ್ಷಕ್ಕೆ ವರ್ಷಕ್ಕೆ 32,000 ರೂಪಾಯಿ. ದಿನಕ್ಕೆ ಸುಮಾರು 88 ರೂಪಾಯಿ. ನನ್ನ ಮಗಳ ಟ್ಯೂಷನ್ ಫೀಸು ಅಷ್ಟರಲ್ಲೇ ಕಟ್ಟಬಹುದು. ಬಡ್ಡಿ ದರ ಏರಿಳಿಯುವ ಫ್ಲೋಟಿಂಗ್ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ನಮ್ಮಂಥ ಮನೆ ಸಾಲದವರಿಗೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿದೆ. ನಮ್ಮ ಕಂಪನಿಯ ಕರಾರಿನಲ್ಲೂ ಆ ದಂಡ ಇರಲಿಲ್ಲ. ಹಾಗಾಗಿ ಜೂನ್ ಮೊದಲ ವಾರ ಅರ್ಜಿ ಕೊಟ್ಟೆ.

ಗೊತ್ತಿಲ್ಲದವರಿಗಾಗಿ ಕ್ರಮ ಹೇಳಿಬಿಡುತ್ತೇನೆ. ಹಳೆಯ ಕಂಪನಿಯಿಂದ ಎಷ್ಟು ಬಾಕಿ ಎಂಬ ಪತ್ರ, ನಮ್ಮ ಯಾವ ಯಾವ ಅಸಲು ಪತ್ರಗಳು ಅವರ ಹತ್ತಿರ ಇವೆ ಎಂಬ ಪಟ್ಟಿ ತರಬೇಕು. ಹೊಸ ಬ್ಯಾಂಕಿನವರು ನಮ್ಮ ಸಂಬಳ ನೋಡುತ್ತಾರೆ, ಮನೆಯ ಬೆಲೆ ಕಟ್ಟಿಸುತ್ತಾರೆ. ಆಮೇಲೆ ಪತ್ರಗಳ ಜೆರಾಕ್ಸು ಬ್ಯಾಂಕಿನ ಪಟ್ಟಿಯಲ್ಲಿರುವ ಒಬ್ಬ ವಕೀಲರಿಗೆ ಹೋಗುತ್ತದೆ. ಕ್ರಯಪತ್ರ, ಮೂಲಪತ್ರ, ಭೂಪರಿವರ್ತನೆ ಆದೇಶ, ಖಾತೆ, ಕಂದಾಯ ರಸೀದಿ, ಇ.ಸಿ., ಹಳೆಯ ಪಹಣಿ ಎಲ್ಲವನ್ನೂ ಅವರು ನೋಡಿ, ಈ ಆಸ್ತಿಯ ಮೇಲೆ ಸಾಲ ಕೊಡಬಹುದು ಎಂದು ಬರೆದುಕೊಡಬೇಕು. ಜನ ಇದನ್ನು 'ಲೀಗಲ್ ಒಪಿನಿಯನ್' ಅನ್ನುತ್ತಾರೆ. ಆ ಕಾಗದ ಬಂದರೆ ಹೊಸ ಬ್ಯಾಂಕು ಹಳೆಯ ಕಂಪನಿಗೆ ಹಣ ಕಟ್ಟುತ್ತದೆ, ಅಸಲು ಪತ್ರಗಳು ಅಲ್ಲಿಂದ ಇಲ್ಲಿಗೆ ಬರುತ್ತವೆ. ಬಾರದಿದ್ದರೆ ಎಲ್ಲವೂ ಅಲ್ಲೇ ನಿಲ್ಲುತ್ತದೆ.

ನನ್ನದು ನಿಂತಿತು.

ಎರಡನೇ ವಾರ ಹೋದೆ. "ಸಾಹೇಬ್ರು ಕೋರ್ಟಿಗೆ ಹೋಗವ್ರೆ, ಮುಂದಿನ ವಾರ ಬನ್ನಿ." ಮೂರನೇ ವಾರ ಬ್ಯಾಂಕಿಗೆ ಹೋದೆ. "ನಮ್ದೆಲ್ಲ ಮುಗ್ದಿದೆ ಮೇಡಂ, ವಕೀಲರ ಕಡೆಯಿಂದ ಬರ್ಬೇಕು." ನಾಲ್ಕನೇ ವಾರ ವಕೀಲರ ಕಚೇರಿ. "ಬ್ಯಾಂಕಿನವ್ರಿಗೆ ಹೇಳಿದೀವಿ, ಅವ್ರನ್ನೇ ಕೇಳಿ." ಐದನೇ ತಾರೀಕು ಬಂತು, ಹಳೆಯ ಕಂಪನಿಯ ಇಎಂಐ ಕಡಿತವಾಯಿತು. ಮತ್ತೊಂದು ತಿಂಗಳ ಐದನೇ ತಾರೀಕೂ ಬಂತು.

*ತಾತ ನಿಂತಿದ್ದ ಜಗಲಿ*

ಮೊದಲ ಐದು ವಾರ ನಾನು ಏನೂ ಮಾತಾಡಲಿಲ್ಲ. ಹೋಗುತ್ತಿದ್ದೆ, ಬಾಗಿಲ ಹತ್ತಿರ ನಿಲ್ಲುತ್ತಿದ್ದೆ, ಅವರು ಹೇಳಿದ್ದಕ್ಕೆ ತಲೆಯಾಡಿಸಿ ಬರುತ್ತಿದ್ದೆ. ಒಳಗೆ ಎರಡು ಕುರ್ಚಿ ಖಾಲಿ ಇದ್ದವು. ಯಾರೂ ಕೂರಬೇಡಿ ಎಂದಿರಲಿಲ್ಲ. ಆದರೂ ನಾನು ನಿಂತೇ ಇರುತ್ತಿದ್ದೆ. ಎಂ.ಎ. ಓದಿ ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ಅಲ್ಲಿ ಯಾಕೆ ನಿಂತೆ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡೆ.

ನೆನಪಾಗಿದ್ದು ತಾತ. ನಮ್ಮ ತಾತನಿಗೆ ಸರ್ಕಾರದಿಂದ ಎರಡು ಎಕರೆ ದರಖಾಸ್ತು ಜಮೀನು ಸಿಕ್ಕಿತ್ತು. ಅತ್ತೆಯ ಮದುವೆಗೆಂದು ಊರಿನ ಸಾಹುಕಾರನ ಹತ್ತಿರ ಮುನ್ನೂರು ರೂಪಾಯಿ ತಂದರು. ಆಧಾರಕ್ಕೆ ಸಾಗುವಳಿ ಚೀಟಿ ಕೊಟ್ಟು, ಏನು ಬರೆದಿದೆ ಎಂದು ತಿಳಿಯದ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದರು. ಆಮೇಲೆ ಸುಗ್ಗಿ ಮುಗಿದಾಗಲೆಲ್ಲ ಹಣ ಹಿಡಿದು ಸಾಹುಕಾರನ ಜಗಲಿಯ ಕೆಳಗೆ ಹೋಗಿ ನಿಲ್ಲುತ್ತಿದ್ದರಂತೆ. ಬೆಳಿಗ್ಗೆ ಹೋದರೆ ಹೊತ್ತು ಇಳಿಯುವವರೆಗೂ. ಒಳಗಿನಿಂದ ಒಂದೇ ಮಾತು: "ಇವತ್ತು ಆಗಲ್ಲ, ನಾಳೆ ಬಾ." ಹಣ ಕೊಟ್ಟದ್ದಕ್ಕೆ ರಸೀದಿ ಇಲ್ಲ. ಪತ್ರ ವಾಪಸು ಬರಲೇ ಇಲ್ಲ. ಕೊನೆಗೆ ಜಮೀನೂ ಸಾಹುಕಾರನ ಹೆಸರಿಗೆ ಹೋಯಿತು.

ಅವ್ವ ಈ ಕಥೆ ಹೇಳುವಾಗ ಕೊನೆಗೆ ಸೇರಿಸುತ್ತಿದ್ದ ಮಾತು: "ನಿಮ್ ತಾತ ಒಂದು ದಿನ ಎದುರು ಮಾತಾಡಿದೋರಲ್ಲ. ಅಂಥಾ ತಾಳ್ಮೆ."

ಆ ಹುಡುಗಿ ಕೇಳಿದ್ದು ಇದನ್ನೇ. ತಾತನ ತಾಳ್ಮೆ ಕ್ಷಾಂತಿಯೇ?

ನನ್ನ ಅಭಿಪ್ರಾಯ ಹೇಳುತ್ತೇನೆ. ತಾತನನ್ನು ಸಣ್ಣದು ಮಾಡಲು ನನಗೆ ಮನಸ್ಸಿಲ್ಲ. ಬದುಕಿ ಉಳಿಯಲು ಅವರಿಗೆ ಅದೊಂದೇ ದಾರಿ ಇತ್ತು, ಆ ದಾರಿಯಲ್ಲಿ ಐದು ಮಕ್ಕಳನ್ನು ಸಾಕಿದರು. ಆದರೆ ಉತ್ತರ ಕೊಡಲು ಸಾಧ್ಯವೇ ಇಲ್ಲದವನ ಮೌನಕ್ಕೆ ಸದ್ಗುಣದ ಹೆಸರಿಟ್ಟರೆ ಲಾಭ ಆಗುವುದು ಜಗಲಿಯ ಮೇಲೆ ಕೂತವನಿಗೆ. ನಮ್ಮವರಿಗೆ ತಾಳ್ಮೆ ಕಲಿಸುವ ಅಗತ್ಯ ಯಾವತ್ತೂ ಇರಲಿಲ್ಲ, ಅದನ್ನು ಹುಟ್ಟಿನಿಂದಲೇ ಹೊರಿಸಿದ್ದರು. ನನ್ನ ಮೇಲೆ ಯಾರೂ ಹೊರಿಸಿರಲಿಲ್ಲ. ಎದುರಿಗೆ ಕುರ್ಚಿ ಇತ್ತು, ಕೈಯಲ್ಲಿ ಪೆನ್ನಿತ್ತು, ಕಾನೂನು ಜೊತೆಗಿತ್ತು. ಆದರೂ ನಿಂತೆ. ಅದು ಕ್ಷಾಂತಿ ಅಲ್ಲ, ತಾತನ ಕಾಲು ನೋವು ನನ್ನ ಕಾಲಿಗೆ ಬಂದು ಕೂತಿತ್ತು ಅಷ್ಟೇ.

*ಆರನೇ ವಾರದ ಕೋಪ*

ಆರನೇ ವಾರ ಇನ್ನೊಂದು ತುದಿಗೆ ಹೋದೆ. ವಕೀಲರ ಕಚೇರಿಯಲ್ಲಿ ಗುಮಾಸ್ತ ಹುಡುಗ ಒಬ್ಬನೇ ಇದ್ದ. ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿರಬೇಕು. ಅವನು "ಮುಂದಿನ ವಾರ..." ಎನ್ನುವಷ್ಟರಲ್ಲೇ ನನ್ನ ದನಿ ಏರಿತು. ನನ್ನ ಹೆಸರು ನೋಡಿಯೇ ಫೈಲನ್ನು ಕೆಳಗೆ ಹಾಕಿದ್ದೀರಿ ಎಂದೆ. ಬೇರೆಯವರದ್ದಾಗಿದ್ದರೆ ಇಷ್ಟು ದಿನ ಇಟ್ಟುಕೊಳ್ಳುತ್ತಿದ್ದಿರಾ ಎಂದೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು.

ಬಂಧುಗಳೇ, ಈ ಅನುಮಾನ ನಮ್ಮಲ್ಲಿ ಯಾರಿಗೆ ಬಂದಿಲ್ಲ ಹೇಳಿ? ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಬಾಡಿಗೆ ಮನೆ ಕೇಳುವಾಗ, ತಡವಾದ ಕೂಡಲೇ ಮನಸ್ಸು ಮೊದಲು ಹೋಗುವುದು ಅಲ್ಲಿಗೇ. ಅದು ಮನೋರೋಗ ಅಲ್ಲ. ಎಷ್ಟೋ ಸಲ ನಿಜವೂ ಆಗಿರುತ್ತದೆ. ಅನುಮಾನಕ್ಕೆ ಕಾರಣ ನಮ್ಮ ಇತಿಹಾಸದಲ್ಲಿದೆ. ಆದರೆ ಈ ಫೈಲಿನ ವಿಷಯದಲ್ಲಿ ಅದು ನಿಜವೇ ಎಂಬುದಕ್ಕೆ ಇತಿಹಾಸ ಸಾಕ್ಷಿ ಹೇಳುವುದಿಲ್ಲ, ಫೈಲನ್ನು ತೆರೆದೇ ನೋಡಬೇಕು.

ಹುಡುಗ ಎದುರು ಮಾತಾಡಲಿಲ್ಲ. ಕಪಾಟಿನಿಂದ ನನ್ನ ಫೈಲು ತೆಗೆದು ಮೇಜಿನ ಮೇಲಿಟ್ಟ. ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು: 'ದರಖಾಸ್ತು? ಪಿಟಿಸಿಎಲ್ ಹಿಂಬರಹ ಬೇಕು.' ಎರಡನೇ ವಾರದ ತಾರೀಕು.

"ನಾನೇ ಬರ್ದಿದ್ದು ಮೇಡಂ. ಹಳೇ ಪಹಣಿಲಿ ಆ ಸರ್ವೆ ನಂಬರ್ ಎದುರಿಗೆ ದರಖಾಸ್ತು ಅಂತ ಇತ್ತು. ಸಾಹೇಬ್ರಿಗೆ ತೋರ್ಸಿದೆ. ಅವ್ರು ಬ್ಯಾಂಕಿಗೆ ಹೇಳ್ತೀನಿ ಅಂದ್ರು."

ವಕೀಲರು ಬ್ಯಾಂಕಿಗೆ ಹೇಳಿರಲಿಲ್ಲ, ಮರೆತಿದ್ದರು. ಬ್ಯಾಂಕಿನವರು ವಕೀಲರನ್ನು ಕೇಳಿರಲಿಲ್ಲ. ಇಬ್ಬರೂ ನನಗೆ ಹೇಳಿರಲಿಲ್ಲ. ಹೀಗೆ ಐದು ವಾರ ಆ ಫೈಲು ಕಪಾಟಿನಲ್ಲಿ ಮಲಗಿತ್ತು.

*ನನ್ನನ್ನು ತಡೆದ ಕಾಯ್ದೆ*

ಪಿಟಿಸಿಎಲ್ ಎಂದರೆ ನಿಮಗೆ ಗೊತ್ತು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆ ಆಗುವುದನ್ನು ತಡೆಯಲು ಕರ್ನಾಟಕ 1978ರಲ್ಲಿ ಮಾಡಿದ ಕಾಯ್ದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಮುನ್ನೂರು ರೂಪಾಯಿ ಸಾಲಕ್ಕೆ, ಒಂದು ಮದುವೆಗೆ, ಒಂದು ಕಾಯಿಲೆಗೆ ಎರಡು ಎಕರೆ ಕಳೆದುಕೊಂಡವರ ಕಣ್ಣೀರಿನಿಂದ ಬಂದ ಕಾಯ್ದೆ. ಕಾಲಮಿತಿಯ ನೆಪದಲ್ಲಿ ಅರ್ಜಿಗಳು ಬಿದ್ದುಹೋಗುತ್ತಿವೆ ಎಂದು ಹೋರಾಟ ನಡೆದು 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ನಮ್ಮ ಬಳಗದವರೂ ಆ ಹೋರಾಟದಲ್ಲಿ ಕೂತಿದ್ದರು. ನಮ್ಮ ತಾತನ ಜಮೀನಿಗೆ ಅಪ್ಪ ಅರ್ಜಿ ಹಾಕಲೇ ಇಲ್ಲ. ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ.

ಈಗ ನೋಡಿ, ನನ್ನ ತಾತನಂಥವರ ಜಮೀನು ಉಳಿಸಲು ಬಂದ ಕಾಯ್ದೆ ನನ್ನ ಸಾಲದ ಫೈಲನ್ನು ಹಿಡಿದು ನಿಲ್ಲಿಸಿತ್ತು. ನಮ್ಮ ಬಡಾವಣೆ ಎದ್ದಿರುವುದು ಯಾರಿಗೋ ಮಂಜೂರಾದ ಜಮೀನಿನ ಮೇಲೆಯೇ? ಆ ಮಂಜೂರುದಾರ ನಮ್ಮವನೇ? ಅವನಿಂದ ಅನುಮತಿ ಇಲ್ಲದೆ ಯಾರಾದರೂ ಬರೆಸಿಕೊಂಡಿದ್ದರೇ? ಇದು ತಿಳಿಯದೆ ಒಪ್ಪಿಗೆ ಬರೆಯುವುದಿಲ್ಲ ಎಂದರೆ ವಕೀಲರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಎಂಟೇ ದಿನದಲ್ಲಿ ಸಾಲ ಕೊಟ್ಟ ಹಳೆಯ ಕಂಪನಿಯ ಕಡೆಯವರು ಈ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ. ಆ ವೇಗವನ್ನು ನಾನು ಎಷ್ಟು ಹೊಗಳಿದ್ದೆ!

ಅವತ್ತು ರಾತ್ರಿ ಮನೆಯವರ ಹತ್ತಿರ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಕಸ್ಮಾತ್ ಹಂಗೇ ಆಗಿದ್ರೆ? ನಮ್ಮನೆ ಅಡೀಲಿ ನಿಮ್ ತಾತನಂಥೋರ ಜಮೀನು ಇದ್ರೆ ಏನ್ ಮಾಡ್ತೀಯ?"

ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಆ ಕ್ಷಣ ನನ್ನ ಮನಸ್ಸಿನಲ್ಲಿ ಹುಟ್ಟಿದ ಮೊದಲ ಆಸೆ ಏನು ಗೊತ್ತೇ? ಆ ಹುಡುಗ ಹಳೆಯ ಪಹಣಿ ನೋಡದೇ ಇದ್ದಿದ್ದರೆ ಚೆನ್ನಾಗಿತ್ತು. ಹಾಗೆಂದುಕೊಂಡವಳು ಪ್ರತಿ ಏಪ್ರಿಲ್ 14ಕ್ಕೆ ವೇದಿಕೆ ಮೇಲೆ ಭೂಮಿಯ ಬಗ್ಗೆ ಭಾಷಣ ಮಾಡುವ ನಾನೇ. ಭಗವಾನರು ಲಜ್ಜೆ ಮತ್ತು ಪಾಪಭೀತಿ ಎರಡನ್ನೂ ಲೋಕ ಕಾಯುವ ಗುಣಗಳು ಎಂದಿದ್ದಾರೆ. ಅವತ್ತು ನನ್ನನ್ನು ಆ ಲಜ್ಜೆಯೇ ಕಾಯಿತು. ಬೆಳಗಿನ ಜಾವಕ್ಕೆ ಒಂದು ತೀರ್ಮಾನಕ್ಕೆ ಬಂದೆವು: ಏನೇ ಬರಲಿ, ನಿಜ ತಿಳಿಯಲಿ. ಹಾಗೇನಾದರೂ ಇದ್ದರೆ ಆ ಕುಟುಂಬವನ್ನು ಹುಡುಕೋಣ.

*ಎರಡು ಬಾಣ, ಎರಡು ವಿಳಂಬ*

ಭಗವಾನರು ಹೇಳಿದ ಎರಡು ಬಾಣಗಳ ದೃಷ್ಟಾಂತ ನಾವು ಬಹಳ ಸಲ ಓದಿದ್ದೇವೆ. ಮೊದಲ ಬಾಣ ಹೊರಗಿನಿಂದ ಬರುವ ನೋವು. ಎರಡನೆಯದು ಆ ನೋವಿನ ಸುತ್ತ ಮನಸ್ಸು ತಾನೇ ಚುಚ್ಚಿಕೊಳ್ಳುವುದು. ನನಗೆ ಬಿದ್ದ ಮೊದಲ ಬಾಣ ದಿನಕ್ಕೆ 88 ರೂಪಾಯಿ. ಎರಡನೆಯದು ನಿದ್ದೆಗೆಟ್ಟ ರಾತ್ರಿಗಳು, ಏಳನೇ ತರಗತಿಯ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಿದ್ದು, ಏನೂ ತಪ್ಪು ಮಾಡದ ಹುಡುಗನಿಗೆ ಬೈದದ್ದು.

ಆದರೆ ಈ ದೃಷ್ಟಾಂತವನ್ನು ಅರ್ಧಕ್ಕೆ ಬಿಡಬಾರದು. ಎರಡನೇ ಬಾಣ ಕಿತ್ತ ಮಾತ್ರಕ್ಕೆ ಮೊದಲನೆಯದು ಮಾಯವಾಗುವುದಿಲ್ಲ. ಅದನ್ನೂ ಕೀಳಬೇಕು, ಯಾರು ಬಿಟ್ಟರು, ಯಾಕೆ ಬಿಟ್ಟರು ಎಂದು ತಿಳಿಯಬೇಕು. ಪ್ರತಿಯೊಂದಕ್ಕೂ ಕಾರಣ ಇದೆ ಎಂಬುದು ನಮ್ಮ ಧಮ್ಮದ ಬುನಾದಿ. ಹಾಗೆ ಕಾರಣ ಹುಡುಕಿದಾಗ ನನ್ನ ಒಂದು ವಿಳಂಬದೊಳಗೆ ಎರಡು ವಿಳಂಬ ಇರುವುದು ಕಂಡಿತು. ಒಂದು, ಪಿಟಿಸಿಎಲ್ ಪರಿಶೀಲನೆಗೆ ಬೇಕಾದ ಕಾಲ. ಅದು ಬೇಕಾದದ್ದೇ, ನನ್ನ ಲಾಭಕ್ಕಿಂತ ದೊಡ್ಡದು. ಇನ್ನೊಂದು, ಯಾರೂ ಯಾರಿಗೂ ಹೇಳದೆ ಫೈಲು ಕಪಾಟಿನಲ್ಲಿ ಕೂತ ಕಾಲ. ಅದಕ್ಕೆ ಅಸಡ್ಡೆ ಬಿಟ್ಟರೆ ಬೇರೆ ಕಾರಣ ಇಲ್ಲ.

ಮೊದಲನೆಯದನ್ನು ಸಹಿಸಬೇಕು. ಎರಡನೆಯದನ್ನು ಕೇಳಬೇಕು. ನಾನು ಮೊದಲ ಐದು ವಾರ ಎರಡನ್ನೂ ಸಹಿಸಿದ್ದೆ, ಆರನೇ ವಾರ ಎರಡರ ಮೇಲೂ ಕೂಗಾಡಿದ್ದೆ. ಬೇರ್ಪಡಿಸಿ ನೋಡಿಯೇ ಇರಲಿಲ್ಲ.

*ಒಂದು ಪುಟದ ಪತ್ರ*

ಏಳನೇ ವಾರ ಬ್ಯಾಂಕಿನ ಮ್ಯಾನೇಜರಿಗೆ ಪತ್ರ ಬರೆದೆ, ವಕೀಲರಿಗೆ ಒಂದು ಪ್ರತಿ. ವಕೀಲರನ್ನು ನೇಮಿಸಿದ್ದು ಬ್ಯಾಂಕು, ಹಾಗಾಗಿ ಉತ್ತರ ಕೊಡಬೇಕಾದದ್ದೂ ಬ್ಯಾಂಕೇ ಎಂಬುದು ನನ್ನ ತರ್ಕ.

ಬರೆಯುವಾಗ ಸಮ್ಯಕ್ ವಾಕ್ಕಿನ ಐದು ಗುಣಗಳನ್ನು ಪಕ್ಕದಲ್ಲಿ ಇಟ್ಟುಕೊಂಡೆ: ಸಕಾಲಿಕ, ಸತ್ಯ, ಮೃದು, ಉಪಯುಕ್ತ, ಮೈತ್ರಿಯಿಂದ ಕೂಡಿದ್ದು. ಮೊದಲ ಕರಡಿನಲ್ಲಿ 'ಉದ್ದೇಶಪೂರ್ವಕವಾಗಿ ವಿಳಂಬ ಮಾಡಿದ್ದೀರಿ' ಎಂದಿತ್ತು. ಉದ್ದೇಶ ನನಗೆ ಗೊತ್ತಿರಲಿಲ್ಲ, ಸತ್ಯವಲ್ಲ ಎಂದು ಹೊಡೆದು ಹಾಕಿದೆ. 'ದಯಮಾಡಿ ಕೃಪೆ ತೋರಬೇಕಾಗಿ ಕಳಕಳಿಯ ಪ್ರಾರ್ಥನೆ' ಎಂದೂ ಇತ್ತು. ಅದೂ ಸತ್ಯವಲ್ಲ. ನಾನು ಕೃಪೆ ಕೇಳುತ್ತಿರಲಿಲ್ಲ, ಮಾಹಿತಿ ಕೇಳುತ್ತಿದ್ದೆ. ಅದನ್ನೂ ಹೊಡೆದೆ. ಕನ್ನಡ ಎಂ.ಎ. ಮಾಡಿದವಳಿಗೆ ವಿಶೇಷಣ ಬಿಡುವುದು ಕಷ್ಟ, ಆದರೆ ಬಿಟ್ಟೆ. ಉಳಿದದ್ದು ಮೂರು ಪ್ರಶ್ನೆ. ಫೈಲು ಈಗ ಎಲ್ಲಿದೆ? ಇನ್ನು ಯಾವ ದಾಖಲೆ ಬೇಕು, ಅದನ್ನು ತರಬೇಕಾದವರು ಯಾರು? ಎಷ್ಟು ದಿನದಲ್ಲಿ ಅಭಿಪ್ರಾಯ ಸಿಗುತ್ತದೆ? ಜೊತೆಗೆ ನಾನು ಹೋಗಿ ಬಂದ ತಾರೀಕುಗಳ ಪಟ್ಟಿ. ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡೆ. ಅವತ್ತು ಮ್ಯಾನೇಜರ ಎದುರು ಕುರ್ಚಿ ಎಳೆದುಕೊಂಡು ಕೂತೆ.

ಮೂರನೇ ದಿನ ಉತ್ತರ ಬಂತು. ಬೇಕಾದದ್ದು ಹಿಂಬರಹ, ಅರ್ಜಿ ಹಾಕಬೇಕಾದವಳು ನಾನೇ! ಎರಡನೇ ವಾರದಲ್ಲೇ ಒಂದು ಮಾತು ಹೇಳಿದ್ದರೆ ಅವತ್ತೇ ಹಾಕುತ್ತಿದ್ದೆ. ಮರುದಿನ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಹಳೆಯ ದಾಖಲೆ ಹುಡುಕಿ, ಪರಿಶೀಲಿಸಿ ಹಿಂಬರಹ ಬರಲು, ಆಮೇಲೆ ವಕೀಲರು ಅಭಿಪ್ರಾಯ ಬರೆಯಲು ಒಟ್ಟು ನಾಲ್ಕು ವಾರ ಹಿಡಿಯಿತು. ದರಖಾಸ್ತು ಆಗಿದ್ದದ್ದು ಅದೇ ಸರ್ವೆ ನಂಬರಿನ ಪಕ್ಕದ ತುಂಡಿಗೆ, ನಮ್ಮ ಬಡಾವಣೆಯ ಭಾಗಕ್ಕಲ್ಲ ಎಂದು ತಿಳಿಯಿತು. ಆ ನಾಲ್ಕು ವಾರವೂ ದಿನಕ್ಕೆ 88 ರೂಪಾಯಿ ಹೋಗುತ್ತಲೇ ಇತ್ತು, ಆದರೆ ನಿದ್ದೆ ಬಂತು.

ಲೆಕ್ಕ ಹೇಳಿ ಮುಗಿಸುತ್ತೇನೆ. ಹನ್ನೊಂದು ವಾರಕ್ಕೆ ಸುಮಾರು 6,750 ರೂಪಾಯಿ. ಅದರಲ್ಲಿ ಅಸಡ್ಡೆಯ ಏಳು ವಾರಕ್ಕೆ 4,300. ಪರಿಶೀಲನೆಯ ನಾಲ್ಕು ವಾರಕ್ಕೆ 2,450. ಈ ಎರಡನೇ ಮೊತ್ತವನ್ನು ನಾನು ನಷ್ಟ ಎಂದು ಬರೆದುಕೊಂಡಿಲ್ಲ. ತಾತನಂಥವರ ಹಕ್ಕಿಗಾಗಿ ನಾನು ಕೊಟ್ಟ ದಾನ ಎಂದು ಬರೆದುಕೊಂಡಿದ್ದೇನೆ.

*ಹತ್ತು ವರ್ಷ ಕಾದವರು*

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಶೀಲಮಾರ್ಗದ ಗುಣಗಳನ್ನು ಹೇಳುವಾಗ ವೀರ್ಯ ಮತ್ತು ಕ್ಷಾಂತಿಯನ್ನು ಒಂದರ ಪಕ್ಕ ಒಂದು ಇಟ್ಟಿದ್ದಾರೆ. ಹಿಡಿದ ಕೆಲಸವನ್ನು ನಡುವೆ ಕೈಬಿಡದಿರುವುದು ವೀರ್ಯ. ದ್ವೇಷಕ್ಕೆ ದ್ವೇಷವನ್ನೇ ಉತ್ತರವಾಗಿ ಕೊಡದಿರುವುದು ಕ್ಷಾಂತಿ. ಅವರ ವಿವರಣೆಯಲ್ಲಿ ಸುಮ್ಮನಿರು ಎಂಬ ಮಾತೇ ಇಲ್ಲ.

ಅವರ ಬದುಕನ್ನೇ ನೋಡಿ. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಚವದಾರ್ ಕೆರೆಯ ನೀರು ಮುಟ್ಟಿದರು. ಅದೇ ಡಿಸೆಂಬರಿನಲ್ಲಿ ಮತ್ತೆ ಸತ್ಯಾಗ್ರಹಕ್ಕೆ ಸಾವಿರಾರು ಜನ ಸೇರಿದರು. ಅಷ್ಟರಲ್ಲಿ ಎದುರಾಳಿಗಳು ಕೆರೆ ಖಾಸಗಿ ಸ್ವತ್ತು ಎಂದು ಕೋರ್ಟಿನಿಂದ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಸೇರಿದ್ದ ಜನ ಈಗಲೇ ಕೆರೆಗೆ ಹೋಗೋಣ ಎನ್ನುವ ಉತ್ಸಾಹದಲ್ಲಿದ್ದರು. ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟರು, ಆದರೆ ಕೆರೆಗೆ ಇಳಿಯುವುದನ್ನು ಬಾಬಾಸಾಹೇಬರು ಮುಂದೂಡಿದರು. ಕೋರ್ಟಿನಲ್ಲಿ ಒಂದೊಂದೇ ಹಂತ ಹೋರಾಡಿದರು. ಬಾಂಬೆ ಹೈಕೋರ್ಟಿನ ಅಂತಿಮ ತೀರ್ಪು ನಮ್ಮ ಪರವಾಗಿ ಬಂದದ್ದು 1937ರ ಮಾರ್ಚಿನಲ್ಲಿ. ಹತ್ತು ವರ್ಷ! ಒಂದು ಕೆರೆಯ ನೀರಿಗೆ. ಆ ಹತ್ತು ವರ್ಷವೂ ಅವರು ಕಾದರು, ಆದರೆ ಒಂದು ದಿನವೂ ಜಗಲಿಯ ಕೆಳಗೆ ನಿಲ್ಲಲಿಲ್ಲ.

ಹಾಗಾಗಿ ತಂಗೀ, ನಿನ್ನ ಪ್ರಶ್ನೆಗೆ ಒಂದು ವಾರ ತಡವಾಗಿ ನನ್ನ ಉತ್ತರ: ಕ್ಷಾಂತಿ ಎನ್ನುವುದು ಉತ್ತರ ಕೊಡುವ ಶಕ್ತಿ ಇರುವವರು ಉತ್ತರವನ್ನು ಯಾವ ರೀತಿ ಕೊಡಬೇಕು ಎಂದು ಆರಿಸಿಕೊಳ್ಳುವ ಗುಣ. ನಮ್ಮ ತಾತಂದಿರಿಗೆ ಆ ಶಕ್ತಿಯನ್ನೇ ಕೊಟ್ಟಿರಲಿಲ್ಲ. ನಮಗೆ ಬಾಬಾಸಾಹೇಬರು ಕೊಟ್ಟಿದ್ದಾರೆ. ಆದ್ದರಿಂದ ಕ್ಷಾಂತಿ ಕಲಿಯಬೇಕಾದ ಮೊದಲ ತಲೆಮಾರು ನಮ್ಮದು.

*ಕಾಯುವವರ ಕಾಲಕ್ಕೂ ಬೆಲೆ*

ಅನಾಥಪಿಂಡಿಕನಿಗೆ ಭಗವಾನರು ಗೃಹಸ್ಥರ ನಾಲ್ಕು ಸುಖಗಳನ್ನು ಹೇಳುವಾಗ ಋಣವಿಲ್ಲದಿರುವ ಸುಖವನ್ನೂ ಸೇರಿಸಿದ್ದಾರೆ. ನನಗೆ ಆ ಸುಖ ಇನ್ನೂ ಹನ್ನೆರಡು ವರ್ಷ ದೂರ ಇದೆ. ಆದರೆ ಒಂದು ವಿಷಯ ತಿಳಿದಾಗ ತಾತನ ನೆನಪಾಗಿ ಕಣ್ಣು ಒದ್ದೆಯಾಯಿತು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಅಥವಾ ಕಂಪನಿ ನಮ್ಮ ಅಸಲು ಆಸ್ತಿ ಪತ್ರಗಳನ್ನು ವಾಪಸು ಕೊಡಬೇಕು, ತಮ್ಮ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ಆದೇಶಿಸಿದೆ. 2023ರ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿದೆ. ಸಾಲ ತೀರಿಸಿದವರು ಇದನ್ನು ನೆನಪಿಡಿ, ನಿಮ್ಮ ನೆರೆಯವರಿಗೂ ಹೇಳಿ. ಸುಗ್ಗಿ ಸುಗ್ಗಿಗೂ ಹಣ ಹಿಡಿದು ನಿಂತ ನನ್ನ ತಾತನ ಒಂದು ದಿನಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ.

ಸಾಲ ಬದಲಾದ ಮೇಲೆ ಆ ಗುಮಾಸ್ತ ಹುಡುಗನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ನನ್ನ ಫೈಲಿನಲ್ಲಿ ನಿಜವಾಗಿ ಕೆಲಸ ಮಾಡಿದವನು ಅವನೊಬ್ಬನೇ. ಅವನು ನಕ್ಕು ಹೇಳಿದ: "ಬಿಡಿ ಮೇಡಂ, ದಿನಾ ನಾಲ್ಕು ಜನ ಬೈತಾರೆ. ನಿಂತ್ಕೊಂಡು ಕೇಳೋದೇ ನಮ್ ಕೆಲ್ಸ."

ನಿಂತುಕೊಂಡು ಕೇಳುವುದು. ಆ ಮಾತು ನನ್ನನ್ನು ಬಿಡಲಿಲ್ಲ. ಅವನ ಊರು ಕೇಳಲಿಲ್ಲ, ಜಾತಿ ಕೇಳಲಿಲ್ಲ. ಆ ದಿನ ಜಗಲಿಯ ಮೇಲಿದ್ದವಳು ನಾನು, ಕೆಳಗೆ ನಿಂತಿದ್ದವನು ಅವನು ಎಂಬುದು ಮಾತ್ರ ಸ್ಪಷ್ಟವಾಗಿ ಕಂಡಿತು.

*ಈ ವಾರದ ಅಭ್ಯಾಸ*

☸️ ಯಾವುದಾದರೂ ಕೆಲಸ ತಡವಾಗಿದ್ದರೆ ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ. ಕಾರಣ ಇರುವ ವಿಳಂಬ ಎಷ್ಟು, ಕಾರಣ ಇಲ್ಲದ ವಿಳಂಬ ಎಷ್ಟು ಎಂದು ಬರೆಯಿರಿ.

☸️ ಎರಡನೇ ಕಾಲಮ್ಮಿನ ಬಗ್ಗೆ ಬಾಯಲ್ಲಿ ಕೂಗಾಡದೆ ಕಾಗದದಲ್ಲಿ ಕೇಳಿ. ತಾರೀಕು ಹಾಕಿ, ಸ್ವೀಕೃತಿ ತೆಗೆದುಕೊಳ್ಳಿ. ಬ್ಯಾಂಕಿನ ಸೇವೆಯ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ.

☸️ ಈ ವಾರ ನಿಮ್ಮ ಬಾಗಿಲಲ್ಲಿ, ನಿಮ್ಮ ಮೇಜಿನ ಮುಂದೆ ಯಾರು ಕಾಯುತ್ತಿದ್ದಾರೆ ನೋಡಿ. ಶಾಲೆಯಲ್ಲಿ ಟಿ.ಸಿ. ಕೇಳಲು ಬಂದ ತಾಯಿ ಇರಬಹುದು, ಕೂಲಿ ಬಾಕಿ ಕೇಳಲು ಬಂದ ಗಾರೆ ಕೆಲಸದವರು ಇರಬಹುದು. ಮೊದಲು ಕುರ್ಚಿ ಕೊಡಿ. ಆಮೇಲೆ ನಿಜವಾದ ತಾರೀಕು ಹೇಳಿ.

ಮುಂದಿನ ಭಾನುವಾರ ವಿಹಾರದಲ್ಲಿ ಇದರ ಮೇಲೆ ಚರ್ಚೆ ಮಾಡೋಣ. ನಿಮ್ಮ ಅನುಭವಗಳನ್ನೂ ತನ್ನಿ. ಒಪ್ಪದಿದ್ದವರು ಖಂಡಿತ ಬನ್ನಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್ 🙏